ಕೈಯಾರೆ ಕಟ್ಟಿದ ಹಳೆಯ ಕಾರು: ಉಳಿಸುವ ಮುನ್ನ ಅಳೆಯುವ ಬಗೆ

ಕಾರ್ಖಾನೆಯಲ್ಲಿ ತಯಾರಾದ ಹಳೆಯ ಕಾರೊಂದನ್ನು ಮೊದಲಿನ ಸ್ಥಿತಿಗೆ ತರಲು ಹೊರಟವರಿಗೆ ಹಲವು ಆಸರೆಗಳಿರುತ್ತವೆ. ತಯಾರಕರು ಅಚ್ಚು ಹಾಕಿಸಿದ ದುರಸ್ತಿ ಕೈಪಿಡಿ, ಬಿಡಿಭಾಗಗಳ ಪಟ್ಟಿ, ಅದೇ ಮಾದರಿಯ ಇನ್ನೊಂದು ಕಾರು, ಆ ಮಾದರಿಯನ್ನು ಹಲವು ಸಲ ಬಿಚ್ಚಿ ಜೋಡಿಸಿ ಕೈ ಪಳಗಿದ ಮೇಸ್ತ್ರಿ, ಇವುಗಳಲ್ಲಿ ಒಂದಲ್ಲ ಒಂದು ಅನುಮಾನ ಬಂದ ಕಡೆ ನೆರವಿಗೆ ಒದಗುತ್ತದೆ. ಆದರೆ ಹವ್ಯಾಸಿಯೊಬ್ಬನೋ ಗ್ಯಾರೇಜಿನ ಮೇಸ್ತ್ರಿಯೊಬ್ಬನೋ ತನ್ನ ಅಂಗಳದಲ್ಲಿ ಸಿಕ್ಕಿದ ಚಾಸಿಯ ಮೇಲೆ ಸಿಕ್ಕಿದ ಎಂಜಿನ್ ಕೂರಿಸಿ, ತನ್ನ ಕಲ್ಪನೆಗೆ ತಕ್ಕ ಬಾಡಿ ಕಟ್ಟಿ, ರಸ್ತೆಗಿಳಿಸಿದ ಕಾರಿಗೆ ಇಂಥ ಯಾವ ಆಸರೆಯೂ ಇರುವುದಿಲ್ಲ. ಅದಕ್ಕೆ ಜೋಡಿ ಕಾರು ಇಲ್ಲ, ಅದರ ನಕ್ಷೆ ಹೆಚ್ಚಿನ ಸಂದರ್ಭಗಳಲ್ಲಿ ಕಾಗದಕ್ಕೆ ಇಳಿದೇ ಇರುವುದಿಲ್ಲ, ಕಟ್ಟಿದವನು ತೀರಿಕೊಂಡಿದ್ದರೆ ಕೇಳಿ ತಿಳಿಯುವ ದಾರಿಯೂ ಮುಚ್ಚಿಹೋಗಿರುತ್ತದೆ. ಹೀಗಾಗಿ ಆ ಕಾರೇ ಅದರ ನಕ್ಷೆ, ಆ ಕಾರೇ ಅದರ ಕೈಪಿಡಿ. ಇಂಥ ವಾಹನದ ಮೌಲ್ಯಮಾಪನದ ಕ್ರಮವೆಲ್ಲ ಈ ಒಂದು ಸಂಗತಿಯಿಂದ ಹೊರಡುತ್ತದೆ: ಬಿಚ್ಚುವ ಮೊದಲು ಓದಬೇಕು, ಓದಿದ್ದನ್ನು ಬರೆದಿಡಬೇಕು, ದುರಸ್ತಿಯ ಮಾತು ಆ ಬಳಿಕ ಬರಬೇಕು.

ಈ ವಿಚಾರವನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ವಿಜಯಪುರವನ್ನು ಮುಂದಿಟ್ಟುಕೊಂಡು ನೋಡುವುದು ಉಪಯುಕ್ತ. ಹಿಂದೆ ವಡಿಗೇನಹಳ್ಳಿ ಎಂಬ ಹೆಸರಿದ್ದ ಈ ಪಟ್ಟಣ ರೇಷ್ಮೆಯ ಊರು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಪಟ್ಟಣದಲ್ಲಿ ಗೂಡಿನ ವ್ಯಾಪಾರ ಮತ್ತು ನೂಲು ಬಿಚ್ಚುವ ಕಸುಬು ಬೆಳೆದು ಬಂದಿವೆ. ಬೆಂಗಳೂರಿನ ಗುಜರಿ ಅಂಗಡಿಗಳಿಗೂ ಲೇತ್ ಕಾರ್ಖಾನೆಗಳಿಗೂ ಇಲ್ಲಿಂದ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಕೆಟ್ಟ ವಾಹನವನ್ನು ವರ್ಷಗಟ್ಟಲೆ ನಿಲ್ಲಿಸಿಡುವಷ್ಟು ಹಿತ್ತಿಲೂ ಕೊಟ್ಟಿಗೆಯೂ ಇಲ್ಲಿನ ಮನೆಗಳಿಗೆ ಇವೆ. ನಗರದಲ್ಲಾದರೆ ಜಾಗದ ಅಭಾವದಿಂದ ಗುಜರಿಗೆ ಹೋಗಿಬಿಡುವ ವಾಹನ ಇಂಥ ಊರುಗಳಲ್ಲಿ ಉಳಿದುಕೊಳ್ಳುವ ಸಂಭವ ಹೆಚ್ಚು. ಅಂಥದೊಂದು ಕಾರು ಯಾರದೋ ಕೊಟ್ಟಿಗೆಯಲ್ಲಿ ಕಣ್ಣಿಗೆ ಬಿದ್ದಾಗ ಅದನ್ನು ಯಾವ ಬಗೆಯಲ್ಲಿ ಪರೀಕ್ಷಿಸಬೇಕು, ಯಾವ ಆಧಾರದ ಮೇಲೆ ತೀರ್ಮಾನಕ್ಕೆ ಬರಬೇಕು ಎಂಬುದು ಈ ಭಾಷಣದ ವಿಷಯ.

ಮನೆಯಲ್ಲಿ ಕಾರು ಕಟ್ಟುವ ಸಾಹಸಕ್ಕೆ ಜನ ಏಕೆ ಇಳಿದರು ಎಂಬುದನ್ನು ಅರಿಯದೆ ಆ ಕಾರಿನ ಬೆಲೆ ತಿಳಿಯುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಯ ಬಳಕೆ ಮುಗಿಸಿದ ಜೀಪುಗಳೂ ಲಾರಿಗಳೂ ಸಾರ್ವಜನಿಕರ ಕೈಗೆ ಬಂದವು. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಬಿಗಿಯಾದ ನಿರ್ಬಂಧ ಬಂದು, ದೇಶದೊಳಗೆ ಪೂರ್ಣ ತಯಾರಿಕೆಗೆ ಒಪ್ಪಿದವರಿಗಷ್ಟೇ ಅವಕಾಶವೆಂಬ ನೀತಿ ರೂಪುಗೊಂಡಾಗ, ಬಿಡಿಭಾಗ ತಂದು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು 1950ರ ದಶಕದ ಮಧ್ಯಭಾಗದ ವೇಳೆಗೆ ಇಲ್ಲಿನ ಕೆಲಸ ನಿಲ್ಲಿಸಿದವು. ಮುಂದೆ ಸುಮಾರು ಮೂರು ದಶಕಗಳ ಕಾಲ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳ ಸುತ್ತಲೇ ಭಾರತದ ಕಾರಿನ ಲೋಕ ತಿರುಗುತ್ತಿತ್ತು. ಹಣ ಕಟ್ಟಿದವರೂ ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆಯೇ ಆ ಸ್ಥಿತಿ ಬದಲಾಗತೊಡಗಿತು. ನಡುವಿನ ಆ ಅವಧಿಯಲ್ಲಿ, ಕೈಯಲ್ಲಿ ಕಸುಬು ಇದ್ದು ಜೇಬಿನಲ್ಲಿ ಹಣವಿಲ್ಲದವನಿಗೆ, ಅಥವಾ ಹಣವಿದ್ದೂ ತನ್ನ ಮನಸ್ಸಿನ ಕಾರು ಮಾರುಕಟ್ಟೆಯಲ್ಲಿ ಸಿಗದವನಿಗೆ, ಉಳಿದ ದಾರಿ ತಾನೇ ಕಟ್ಟಿಕೊಳ್ಳುವುದಾಗಿತ್ತು.

ಬೆಂಗಳೂರಿನಲ್ಲಿ ಅದಕ್ಕೆ ಬೇಕಾದ ಕಸುಬು ಬೆಳೆಯಲು ಕಾರಣಗಳೂ ಇದ್ದವು. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಯುದ್ಧಾನಂತರದ ವರ್ಷಗಳಲ್ಲಿ ಬಸ್ಸಿನ ಬಾಡಿ ಮತ್ತು ರೈಲಿನ ಬೋಗಿಗಳನ್ನೂ ತಯಾರಿಸಿತು. ಬೋಗಿಯ ಕೆಲಸ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಪಾಲಿಗೆ ಹೋಯಿತು. ಅಲ್ಯೂಮಿನಿಯಂ ತಗಡನ್ನು ಬಡಿದು ಬಾಗಿಸುವ, ರಿವೆಟ್ ಹೊಡೆದು ಕೂಡಿಸುವ ಕೆಲಸ ಬಲ್ಲ ಕೈಗಳು ಹೀಗೆ ನಗರದಲ್ಲಿ ತಯಾರಾದವು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು ಮತ್ತು ಶಿವಾಜಿನಗರದ ಹಳೆಯ ಸಾಮಾನಿನ ಪೇಟೆ ಉಳಿದ ಕೊರತೆಯನ್ನು ತುಂಬಿದವು. ಗಾಜಿನ ಎಳೆಗಳನ್ನು ರಾಳದಲ್ಲಿ ನೆನೆಸಿ, ಅಚ್ಚಿನ ಮೇಲೆ ಪದರ ಪದರವಾಗಿ ಕೂರಿಸಿ, ಗಟ್ಟಿಯಾಗಲು ಬಿಡುವ ಫೈಬರ್‌ಗ್ಲಾಸ್ ವಿಧಾನವೂ ಬೆಂಗಳೂರಿಗೆ ಹೊಸದಾಗಿ ಉಳಿಯಲಿಲ್ಲ. 1970ರ ದಶಕದಲ್ಲಿ ಇಲ್ಲಿನ ಸನ್‌ರೈಸ್ ಸಂಸ್ಥೆ ತಯಾರಿಸಿದ ಬಾದಲ್ ಎಂಬ ಮೂರು ಚಕ್ರದ ಕಾರಿಗೂ, 1982ರಲ್ಲಿ ಸಿಪಾನಿ ಸಂಸ್ಥೆ ಹೊರತಂದ ಡಾಲ್ಫಿನ್ ಕಾರಿಗೂ ಇದ್ದದ್ದು ಫೈಬರ್‌ಗ್ಲಾಸ್ ಬಾಡಿಯೇ. ಅಚ್ಚಿನ ದೊಡ್ಡ ಪ್ರೆಸ್ ಯಂತ್ರವಿಲ್ಲದೆಯೂ ಕಾರಿನ ಬಾಡಿ ಮಾಡಬಹುದು ಎಂಬುದಕ್ಕೆ ಇವು ಕಣ್ಣೆದುರಿನ ಸಾಕ್ಷಿಗಳಾಗಿದ್ದವು.

ಈ ಬಗೆಯ ಪ್ರಯತ್ನಕ್ಕೆ ಕರ್ನಾಟಕದ ಗಡಿಗೆ ಹತ್ತಿರದಲ್ಲೇ ಹೆಸರಾಂತ ಉದಾಹರಣೆಯೊಂದಿದೆ. ಬೆಳಗಾವಿ ಜಿಲ್ಲೆಗೆ ತಾಗಿಕೊಂಡಿರುವ ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿಯವರು 1940ರ ದಶಕದಲ್ಲಿ ಮೀರಾ ಎಂಬ ಪುಟ್ಟ ಕಾರಿನ ಕೆಲಸ ಆರಂಭಿಸಿ, ಮುಂದಿನ ದಶಕಗಳಲ್ಲಿ ಅದನ್ನು ತಿದ್ದುತ್ತ ಒಂದಾದ ಮೇಲೊಂದು ಮಾದರಿಯನ್ನು ಕಟ್ಟಿದರು. ಸಾಮಾನ್ಯ ಕುಟುಂಬದ ಕೈಗೆಟುಕುವ ಕಾರು ಅವರ ಗುರಿಯಾಗಿತ್ತಾದರೂ ಅದು ಕಾರ್ಖಾನೆಯ ಉತ್ಪಾದನೆಯ ಹಂತ ಮುಟ್ಟಲಿಲ್ಲ. ಹೊರದೇಶಗಳಲ್ಲಿ ಇಂಥ ಪ್ರಯತ್ನಗಳು ಬೇರೆ ದಾರಿ ಹಿಡಿದದ್ದೂ ಉಂಟು. ಬ್ರಿಟನ್ನಿನ ಕಾಲಿನ್ ಚಾಪ್‌ಮನ್ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರಿನ ಭಾಗಗಳಿಂದ ಕಟ್ಟಿದ ವಾಹನವೇ ಲೋಟಸ್ ಕಂಪನಿಯ ಮೊದಲ ಕಾರು ಎನಿಸಿತು. ಅಮೆರಿಕದ ಬ್ರೂಸ್ ಮೇಯರ್ಸ್ 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ಮತ್ತು ಚಕ್ರದ ಅಚ್ಚುಗಳಿಗೆ ಫೈಬರ್‌ಗ್ಲಾಸ್ ಬಾಡಿ ತೊಡಿಸಿ, ಮರಳ ದಿಬ್ಬಗಳ ಮೇಲೆ ಓಡಿಸಲು ಕಟ್ಟಿಕೊಂಡ ಕೆಂಪು ಬಗ್ಗಿಯನ್ನು 2014ರಲ್ಲಿ ಆ ದೇಶದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ ಸೇರಿಸಲಾಯಿತು. ಕೈಯಿಂದ ಕಟ್ಟಿದ ವಾಹನವೂ ಪರಂಪರೆಯ ವಸ್ತು ಎಂಬ ಮನ್ನಣೆ ಹೀಗೆ ಅಧಿಕೃತವಾಗಿಯೇ ದೊರೆತಿದೆ.

ಮೌಲ್ಯಮಾಪನದ ಮೊದಲ ಹೆಜ್ಜೆ ಕಾರನ್ನು ಇದ್ದಲ್ಲಿಯೇ, ಇದ್ದಂತೆಯೇ ದಾಖಲಿಸುವುದು. ತೊಳೆಯುವುದು, ಉಜ್ಜುವುದು, ಎಂಜಿನ್ ಚಾಲೂ ಮಾಡಲು ಯತ್ನಿಸುವುದು, ಎಳೆದು ಹೊರಗೆ ತರುವುದು, ಇವೆಲ್ಲ ನಂತರದ ಕೆಲಸಗಳು. ಏಕೆಂದರೆ ಧೂಳಿನ ಕೆಳಗೆ ಮೊದಲ ಬಣ್ಣದ ಗೆರೆ ಇರಬಹುದು, ಸೀಟಿನಡಿ ಹಳೆಯ ರಸೀತಿ ಇರಬಹುದು, ವೈರಿನ ತುದಿಗೆ ಕಟ್ಟಿದವನೇ ಅಂಟಿಸಿದ ಗುರುತಿನ ಪಟ್ಟಿ ಇರಬಹುದು. ನಾಲ್ಕೂ ದಿಕ್ಕಿನಿಂದ, ಮೇಲಿನಿಂದ, ಅಡಿಯಿಂದ ಚಿತ್ರ ತೆಗೆದು, ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ ಕಾಣುವಂತೆ ಇಟ್ಟರೆ ಮುಂದೆ ಆ ಚಿತ್ರಗಳಿಂದಲೇ ನಕ್ಷೆ ಬರೆಯಬಹುದು. ಇದರ ಜೊತೆಗೇ ಕಟ್ಟಿದವನ ಮನೆಯವರನ್ನೂ, ಅವನೊಡನೆ ಕೆಲಸ ಮಾಡಿದ ವೆಲ್ಡರ್, ಟಿಂಕರ್, ಪೇಂಟರುಗಳಲ್ಲಿ ಬದುಕಿರುವವರನ್ನೂ ಕಂಡು, ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು ಅಗತ್ಯ. ಯಾವ ಭಾಗ ಮೊದಲಿನಿಂದ ಇದ್ದದ್ದು, ಯಾವುದು ಮುಂದೆ ಬದಲಾದದ್ದು ಎಂಬ ಪ್ರಶ್ನೆಗೆ ಕಾರ್ಖಾನೆಯ ಕಾರಿನಲ್ಲಿ ಪುಸ್ತಕ ಉತ್ತರ ಕೊಟ್ಟರೆ, ಇಲ್ಲಿ ಈ ನೆನಪುಗಳು ಉತ್ತರ ಕೊಡಬೇಕು.

ಎರಡನೆಯ ಹೆಜ್ಜೆ ಕಾರಿನ ಮೂಲಭಾಗಗಳು ಯಾವ ವಾಹನದಿಂದ ಬಂದವು ಎಂದು ಗುರುತಿಸುವುದು. ಮನೆಯಲ್ಲಿ ಕಟ್ಟಿದ ಕಾರಿನಲ್ಲಿ ಎಂಜಿನ್, ಗೇರ್ ಬಾಕ್ಸ್, ಅಚ್ಚು, ಸ್ಟೇರಿಂಗ್ ಇವು ಬೇರೆ ಬೇರೆ ದಾನಿ ವಾಹನಗಳಿಂದ ಬಂದಿರುವುದು ಸಾಮಾನ್ಯ. ಇದಕ್ಕೆ ಅಳತೆಪಟ್ಟಿಯೇ ಒಳ್ಳೆಯ ಸಾಧನ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರಕ್ಕೆ ವೀಲ್‌ಬೇಸ್ ಎನ್ನುತ್ತಾರೆ, ಅದು 80 ಇಂಚು ಇದ್ದು ಚಕ್ರಕ್ಕೆ ಐದು ಬೋಲ್ಟುಗಳಿದ್ದರೆ ಮಹೀಂದ್ರಾದವರು ಮುಂಬಯಿಯಲ್ಲಿ ತಯಾರಿಸಿದ ವಿಲ್ಲಿಸ್ ಮಾದರಿಯ ಗಿಡ್ಡ ಜೀಪಿನ ಚಾಸಿ ಎಂದು ಊಹಿಸಲು ಆಧಾರವಿದೆ, 91.5 ಇಂಚು ಇದ್ದರೆ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇರಬಹುದು. ಎರಡಕ್ಕೂ ಹೊಂದದ ಅಳತೆ ಬಂದರೆ ಚಾಸಿಯನ್ನು ಕತ್ತರಿಸಿ ಉದ್ದ ಅಥವಾ ಗಿಡ್ಡ ಮಾಡಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಎಂಜಿನ್ ಬ್ಲಾಕಿನ ಮೇಲೆ, ಗೇರ್ ಬಾಕ್ಸಿನ ಮೇಲೆ, ಚಾಸಿಯ ಮೇಲೆ ಒತ್ತಿದ ಅಂಕಿಗಳನ್ನೆಲ್ಲ ಸೀಮೆಸುಣ್ಣ ಉಜ್ಜಿ ಸ್ಪಷ್ಟಪಡಿಸಿಕೊಂಡು ಬರೆದುಕೊಳ್ಳಬೇಕು. 1989ರ ಸುಮಾರಿಗೆ ಕೆಎ ಎಂಬ ಗುರುತು ಬರುವ ಮೊದಲು ನಮ್ಮ ರಾಜ್ಯದ ವಾಹನಗಳಿಗೆ ಎಂವೈ, ಎಂಇ, ಸಿಎ ಮುಂತಾದ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಗಳಿದ್ದುದರಿಂದ, ಹಳೆಯ ನಂಬರ್ ಪ್ಲೇಟು ಉಳಿದಿದ್ದರೆ ಅದೂ ಕಾಲ ನಿರ್ಣಯಕ್ಕೆ ನೆರವಾಗುತ್ತದೆ.

ಈ ಗುರುತಿಸುವಿಕೆಗೆ ಇನ್ನೊಂದು ಮಹತ್ವವಿದೆ. ಕಾರುಗಳಲ್ಲಿ ರಚನೆಯ ದೃಷ್ಟಿಯಿಂದ ಎರಡು ಮುಖ್ಯ ಬಗೆಗಳಿವೆ. ಒಂದರಲ್ಲಿ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಎಂಜಿನ್ನು ಮತ್ತು ಅಚ್ಚುಗಳ ಭಾರವನ್ನೆಲ್ಲ ಹೊರುತ್ತದೆ. ಬಾಡಿ ಅದರ ಮೇಲೆ ಬೋಲ್ಟುಗಳಿಂದ ಕೂತಿರುತ್ತದೆ. ಇನ್ನೊಂದರಲ್ಲಿ ಪ್ರತ್ಯೇಕ ಚಾಸಿಯೇ ಇರದೆ, ನೆಲ, ಬಾಗಿಲ ಕಂಬ, ಮೇಲ್ಛಾವಣಿ ಎಲ್ಲ ಬೆಸೆದುಕೊಂಡ ತಗಡಿನ ಪೆಟ್ಟಿಗೆಯೇ ಭಾರ ಹೊರುತ್ತದೆ; ಇದಕ್ಕೆ ಮಾನೊಕಾಕ್ ರಚನೆ ಎಂದು ಹೆಸರು. ಜೀಪು ಮತ್ತು ಹೆರಾಲ್ಡ್ ಮೊದಲ ಬಗೆಗೆ ಸೇರಿದರೆ, ಫಿಯೆಟ್ 1100 ಮತ್ತು ಅಂಬಾಸಡರ್ ಎರಡನೆಯ ಬಗೆಗೆ ಸೇರುತ್ತವೆ. ಚಾಸಿಯುಳ್ಳ ವಾಹನದ ಬಾಡಿ ತೆಗೆದು ಬೇರೆ ಬಾಡಿ ಕೂರಿಸಿದರೆ ಮೂಲ ಬಲಕ್ಕೆ ಅಷ್ಟಾಗಿ ಧಕ್ಕೆಯಾಗದು. ಆದರೆ ಮಾನೊಕಾಕ್ ಕಾರಿನ ಮೇಲ್ಛಾವಣಿ ಕತ್ತರಿಸಿ ತೆರೆದ ಕಾರು ಮಾಡಿದ್ದರೆ ಅದರ ಬೆನ್ನೆಲುಬನ್ನೇ ತುಂಡರಿಸಿದಂತೆ. ಬಾಗಿಲ ಕೆಳಗಿನ ಪಟ್ಟಿಯನ್ನು ಬಲಪಡಿಸದೆ ಹೀಗೆ ಮಾಡಿದ ಕಾರು ನಡುವಿನಲ್ಲಿ ಬಾಗಿ, ಬಾಗಿಲುಗಳು ಮುಚ್ಚದಂತಾಗುತ್ತವೆ. ಆದ್ದರಿಂದ ಎರಡೂ ಬಾಗಿಲುಗಳ ಸುತ್ತಲಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯೇ ಎಂದು ನೋಡುವುದು ಪರೀಕ್ಷಕನ ಮೊದಲ ಕೆಲಸಗಳಲ್ಲೊಂದು.

ಚಾಸಿ ನೇರವಾಗಿದೆಯೇ ಎಂದು ತಿಳಿಯಲು ದುಬಾರಿ ಯಂತ್ರ ಬೇಕಿಲ್ಲ. ಗಾರೆಯವರು ಬಳಸುವ ತೂಗುಗುಂಡು, ದಾರ, ಸೀಮೆಸುಣ್ಣ ಮತ್ತು ಸಮತಟ್ಟಾದ ಸಿಮೆಂಟು ನೆಲ ಇದ್ದರೆ ಸಾಕು. ಕಾರನ್ನು ನಾಲ್ಕು ಕಡೆ ಒಂದೇ ಎತ್ತರಕ್ಕೆ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಾಸಿಯ ಎಡ ಮತ್ತು ಬಲದಲ್ಲಿ ಸರಿಸಮನಾಗಿರುವ ರಂಧ್ರಗಳಿಂದ ಗುಂಡನ್ನು ಇಳಿಬಿಟ್ಟು, ಅದು ನೆಲ ಮುಟ್ಟುವಲ್ಲಿ ಗುರುತು ಹಾಕುತ್ತ ಹೋಗಬೇಕು. ಸ್ಪ್ರಿಂಗ್ ಕಟ್ಟುವ ಕೊಂಡಿಗಳು, ಎಂಜಿನ್ ಕೂರುವ ಜಾಗಗಳು, ಅಡ್ಡಪಟ್ಟಿಗಳ ತುದಿಗಳು, ಹೀಗೆ ಎಲ್ಲ ಮುಖ್ಯ ಬಿಂದುಗಳೂ ನೆಲಕ್ಕೆ ಇಳಿದ ಮೇಲೆ ಕಾರನ್ನು ಸರಿಸಿ, ಎಡ ಮುಂದಿನ ಗುರುತಿನಿಂದ ಬಲ ಹಿಂದಿನ ಗುರುತಿಗೂ, ಬಲ ಮುಂದಿನದರಿಂದ ಎಡ ಹಿಂದಿನದಕ್ಕೂ ದಾರ ಎಳೆದು ಕರ್ಣಗಳನ್ನು ಅಳೆಯಬೇಕು. ಎರಡೂ ಕರ್ಣ ಸಮವಾಗಿದ್ದರೆ ಚಾಸಿ ಚೌಕವಾಗಿದೆ. ವ್ಯತ್ಯಾಸ ಕಾಲು ಅಂಗುಲ ದಾಟಿದರೆ ಕಾರಣ ಹುಡುಕಲೇಬೇಕು. ಹಳೆಯ ಅಪಘಾತದ ಪೆಟ್ಟೋ, ಕಟ್ಟುವಾಗಲೇ ಆದ ತಪ್ಪೋ ಎಂಬುದನ್ನು ಲೋಹದ ಸುಕ್ಕು ಹೇಳುತ್ತದೆ: ಪೆಟ್ಟು ಬಿದ್ದ ಕಡೆ ತಗಡು ಮಡಿಚಿಕೊಂಡ ಗುರುತು ಉಳಿಯುತ್ತದೆ, ತಪ್ಪಾಗಿ ಬೆಸೆದ ಕಡೆ ಲೋಹ ನೇರವಾಗಿಯೇ ಇದ್ದು ಕೂಡಿಕೆಯ ಕೋನ ಮಾತ್ರ ಸರಿಯಿರುವುದಿಲ್ಲ. ನೆಲದ ಮೇಲೆ ಮೂಡಿದ ಈ ರೇಖಾಚಿತ್ರವನ್ನು ಕಾಗದಕ್ಕೆ ಇಳಿಸಿಕೊಂಡರೆ, ಆ ಕಾರಿನ ಮೊದಲ ನಕ್ಷೆ ಅಂದೇ ಹುಟ್ಟಿದಂತಾಯಿತು.

ಅಳತೆಯ ನಂತರ ಬೆಸುಗೆಯ ಪರೀಕ್ಷೆ. ಚಾಸಿಯನ್ನು ಉದ್ದ ಮಾಡಿದ ಕಡೆ ಬಣ್ಣವನ್ನು ತಂತಿಬ್ರಷ್‌ನಿಂದ ಕೆರೆದು, ಕೂಡಿಕೆಯನ್ನು ಬೆಳಕಿಗೆ ಒಡ್ಡಿ ನೋಡಬೇಕು. ಒಳ್ಳೆಯ ಬೆಸುಗೆ ಎರಡೂ ಬದಿಯ ಲೋಹಕ್ಕೆ ನುಣುಪಾಗಿ ಇಳಿದುಕೊಂಡಿರುತ್ತದೆ. ಲೋಹದೊಳಕ್ಕೆ ಇಳಿಯದೆ ಗುಡ್ಡೆಯಂತೆ ಮೇಲೆ ಕೂತಿರುವ ಬೆಸುಗೆ, ಸೂಜಿತೂತುಗಳಿರುವ ಬೆಸುಗೆ, ಅಂಚಿನಲ್ಲಿ ಕೂದಲೆಳೆಯಂಥ ಸೀಳು ಕಾಣುವ ಬೆಸುಗೆ, ಇವು ಭಾರ ಹೊರಲು ತಕ್ಕವಲ್ಲ. ಚಾಸಿಯ ತೊಲೆಯನ್ನು ನೇರ ಅಡ್ಡಕ್ಕೆ ಕತ್ತರಿಸಿ ತುದಿಗೆ ತುದಿ ಕೂಡಿಸಿದ್ದರೆ ಒತ್ತಡವೆಲ್ಲ ಆ ಒಂದು ಗೆರೆಯಲ್ಲಿ ಸೇರಿ ಸೀಳು ಬೇಗ ಹಬ್ಬುತ್ತದೆ. ಅನುಭವಿ ಬೆಸುಗೆಗಾರರು ಕೂಡಿಕೆಯನ್ನು ಓರೆಯಾಗಿ ಕತ್ತರಿಸಿ, ಪಕ್ಕಕ್ಕೆ ಚೂಪು ತುದಿಯ ಬಲಪಟ್ಟಿಯನ್ನು ಬೆಸೆಯುತ್ತಿದ್ದದ್ದು ಇದೇ ಕಾರಣಕ್ಕೆ. ಕಟ್ಟಿದವನ ಯೋಗ್ಯತೆ ಬಣ್ಣದ ಹೊಳಪಿಗಿಂತ ಹೆಚ್ಚಾಗಿ ಈ ಮರೆಯ ಜಾಗಗಳಲ್ಲಿ ಕಾಣುತ್ತದೆ. ಅಡಿಯಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿದವನು ಬೇರೆ ಕಡೆಯೂ ಯೋಚಿಸಿ ಮಾಡಿರುವ ಸಂಭವ ಹೆಚ್ಚು.

ಬಾಡಿಯ ಪರೀಕ್ಷೆ ಅದು ಯಾವ ವಸ್ತುವಿನದು ಎಂಬುದನ್ನು ಅವಲಂಬಿಸಿದೆ. ಉಕ್ಕಿನ ತಗಡಾದರೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೇಲ್ಮೈ ಮೇಲೆ ಸರಿಸುತ್ತ ಹೋಗಬೇಕು. ಅದು ಹಿಡಿತ ಬಿಡುವ ಕಡೆ ಬಣ್ಣದ ಕೆಳಗೆ ದಪ್ಪ ಪಟ್ಟಿ, ಅಂದರೆ ತಗ್ಗು ತುಂಬಲು ಮೆತ್ತುವ ಪೇಸ್ಟು, ಇದೆಯೆಂದು ಅರ್ಥ, ಮತ್ತು ಆ ಪಟ್ಟಿಯ ಹಿಂದೆ ತುಕ್ಕು ಅಡಗಿರುವುದು ಸಾಮಾನ್ಯ. ಅಲ್ಯೂಮಿನಿಯಂ ತಗಡನ್ನು ಉಕ್ಕಿನ ಚೌಕಟ್ಟಿಗೆ ನೇರವಾಗಿ ರಿವೆಟ್ ಮಾಡಿದ್ದರೆ, ತೇವ ಸೇರಿದಾಗ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಪ್ರವಾಹ ಹರಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ರಿವೆಟ್ ಸಾಲುಗಳ ಸುತ್ತ ಬಣ್ಣ ಉಬ್ಬಿರುವುದು ಇದರ ಲಕ್ಷಣ. ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲವಾದರೂ ಅದರ ಹೊರಪದರದಲ್ಲಿ ನಕ್ಷತ್ರಾಕಾರದ ಬಿರುಕುಗಳು ಮೂಡುತ್ತವೆ, ಪದರಗಳು ಬಿಟ್ಟುಕೊಂಡ ಕಡೆ ಬೆರಳಿನಿಂದ ತಟ್ಟಿದರೆ ಬೊದ್ದು ಸದ್ದು ಬರುತ್ತದೆ, ಅದರೊಳಗೆ ಹುದುಗಿಸಿದ ಉಕ್ಕಿನ ಪಟ್ಟಿ ತುಕ್ಕು ಹಿಡಿದು ಉಬ್ಬಿ ಬಾಡಿಯನ್ನು ಒಳಗಿನಿಂದ ಸೀಳುತ್ತದೆ. ಮರದ ಚೌಕಟ್ಟಿದ್ದರೆ ಗೆದ್ದಲು ಮತ್ತು ಕೂಡಿಕೆಗಳಲ್ಲಿನ ಕೊಳೆತವನ್ನು ಚೂಪು ಅರದ ತುದಿಯಿಂದ ಒತ್ತಿ ನೋಡಬೇಕು.

ಕಾರು ನಿಂತಿದ್ದ ಜಾಗವನ್ನೂ ಈ ಹಂತದಲ್ಲಿ ಪರಿಗಣಿಸಬೇಕು, ಮತ್ತು ಇಲ್ಲಿ ವಿಜಯಪುರದ ಸುತ್ತಮುತ್ತಲಿನ ಪರಿಸರಕ್ಕೆ ವಿಶೇಷ ಅರ್ಥವಿದೆ. ಬಯಲುಸೀಮೆಯ ಒಣಹವೆಯಿಂದಾಗಿ ಕರಾವಳಿಯಲ್ಲಿ ಕಾಣುವಂಥ ಉಪ್ಪುಗಾಳಿಯ ತುಕ್ಕು ಇಲ್ಲಿಲ್ಲ. ಆದರೆ ಹುಳು ಸಾಕುವ ಮನೆಯಲ್ಲಿ ಪ್ರತಿ ಬೆಳೆಯ ನಡುವೆ ರೋಗಾಣುಗಳ ನಾಶಕ್ಕೆಂದು ಬ್ಲೀಚಿಂಗ್ ಪೌಡರ್ ಮುಂತಾದ ಕ್ಲೋರಿನ್‌ಯುಕ್ತ ದ್ರಾವಣ ಸಿಂಪಡಿಸುವ ರೂಢಿ ಇದೆ. ಅಂಥ ಮನೆಯ ಒಂದು ಮೂಲೆಯಲ್ಲೋ ಅದಕ್ಕೆ ತಾಗಿದ ಚಾವಣಿಯಡಿಯಲ್ಲೋ ವರ್ಷಗಟ್ಟಲೆ ನಿಂತ ಕಾರಿನ ಮೇಲೆ ಕೂತ ಕ್ಲೋರೈಡ್ ಕಣಗಳು ಉಕ್ಕಿನ ತುಕ್ಕನ್ನು ಚುರುಕುಗೊಳಿಸುತ್ತವೆ, ಅಲ್ಯೂಮಿನಿಯಂನಲ್ಲಿ ಸಣ್ಣ ಸಣ್ಣ ಗುಳಿ ಕೊರೆಯುತ್ತವೆ, ಕ್ರೋಮ್ ಲೇಪವನ್ನು ಸುಲಿಯುತ್ತವೆ. ಹೊರಗೆ ಒಣಗಿ ಚೆನ್ನಾಗಿ ಕಾಣುವ ಕಾರಿನಲ್ಲೂ ಹೀಗಾಗಿ ಬ್ರೇಕ್ ಪೈಪು, ಬೋಲ್ಟಿನ ಎಳೆ, ಬಾಗಿಲಿನ ತಳ ಇವುಗಳನ್ನು ಅನುಮಾನದಿಂದಲೇ ನೋಡಬೇಕು. ಹುಲ್ಲು ಒಟ್ಟಿದ ಕೊಟ್ಟಿಗೆಯಲ್ಲಾದರೆ ಇಲಿಗಳು ವೈರಿನ ಹೊದಿಕೆಯನ್ನು ಕಡಿದಿರುತ್ತವೆ. ಸಗಣಿ ಮತ್ತು ಗಂಜಲದಿಂದೇಳುವ ಅಮೋನಿಯ ಹಿತ್ತಾಳೆಯ ಭಾಗಗಳಲ್ಲಿ ಬಿರುಕು ಮೂಡಿಸಬಲ್ಲದು.

ಎಂಜಿನ್ನಿನ ವಿಷಯದಲ್ಲಿ ಆತುರ ದೊಡ್ಡ ಶತ್ರು. ಬಹುಕಾಲ ನಿಂತ ಎಂಜಿನ್ನನ್ನು ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದರೆ ಸಿಲಿಂಡರಿನ ಗೋಡೆಗೆ ಅಂಟಿಕೊಂಡ ಪಿಸ್ಟನ್ ರಿಂಗುಗಳು ಮುರಿಯಬಹುದು. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಬಳಿಕ ಕೈಯಿಂದ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿ ನೋಡುವುದು ಸರಿಯಾದ ಕ್ರಮ. ಸುಗಮವಾಗಿ ತಿರುಗಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಡಕ್ಕೆ ಒಳಗಾಗುತ್ತದೆ ಎಂಬುದನ್ನು ಮೀಟರಿನಿಂದ ಅಳೆಯಬಹುದು. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 10ರೊಳಗಿದ್ದರೆ ಸ್ಥಿತಿ ಸಮಾಧಾನಕರ. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ. ಹಳೆಯ ಜೀಪುಗಳಲ್ಲಿ 6 ವೋಲ್ಟಿನ ವ್ಯವಸ್ಥೆಯಿದ್ದು, ಕಟ್ಟಿದವನು ಅದಕ್ಕೆ 12 ವೋಲ್ಟಿನ ಭಾಗಗಳನ್ನು ಬೆರೆಸಿರುವುದೂ ಉಂಟಾದ್ದರಿಂದ ವೈರಿಂಗನ್ನು ತಂತಿ ತಂತಿಯಾಗಿ ಹಿಂಬಾಲಿಸಿ ನಕ್ಷೆ ಬರೆಯದೆ ಬ್ಯಾಟರಿ ಜೋಡಿಸಬಾರದು. ಇಂದಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುವುದರಿಂದ, ಹಳೆಯ ರಬ್ಬರ್ ಕೊಳವೆಗಳನ್ನೂ ಕಾರ್ಬುರೇಟರಿನ ವಾಷರುಗಳನ್ನೂ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಬ್ರೇಕು ಮತ್ತು ಸ್ಟೇರಿಂಗ್ ವಿಚಾರದಲ್ಲಿ ಪರೀಕ್ಷಕ ಕಟುವಾಗಿಯೇ ಇರಬೇಕಾಗುತ್ತದೆ. ಆ ಕಾಲದ ಬಹುಪಾಲು ಕಾರುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಎಣ್ಣೆಯ ಮಾರ್ಗವಿತ್ತು. ಒಂದು ಪೈಪು ಒಡೆದರೆ ಎಲ್ಲ ಬ್ರೇಕೂ ಏಕಕಾಲಕ್ಕೆ ಕೈಕೊಡುತ್ತಿದ್ದವು. ಮನೆಯಲ್ಲಿ ಕಟ್ಟಿದ ಕಾರಿನಲ್ಲಿ ಒಂದು ವಾಹನದ ಮಾಸ್ಟರ್ ಸಿಲಿಂಡರಿಗೆ ಇನ್ನೊಂದರ ಚಕ್ರದ ಸಿಲಿಂಡರುಗಳನ್ನು ಜೋಡಿಸಿರುವುದೂ ಇರಬಹುದು. ಅವುಗಳ ಅಳತೆ ಹೊಂದದಿದ್ದರೆ ಪೆಡಲ್ ಒತ್ತಿದಷ್ಟು ಬ್ರೇಕ್ ಹಿಡಿಯುವುದಿಲ್ಲ, ಅಥವಾ ಹಿಂದಿನ ಚಕ್ರಗಳು ಮೊದಲೇ ಜಾಮಾಗಿ ಕಾರು ಅಡ್ಡ ತಿರುಗುತ್ತದೆ. ಸ್ಟೇರಿಂಗ್ ಕಂಬವನ್ನು ಕತ್ತರಿಸಿ ಬೆಸೆದಿದ್ದರೆ ಆ ಬೆಸುಗೆಯನ್ನು ನಂಬುವ ಹಾಗಿಲ್ಲ. ಸ್ಟೇರಿಂಗ್ ಸಲಾಕೆ ಮತ್ತು ಸ್ಪ್ರಿಂಗ್ ಬೇರೆ ಬೇರೆ ಕಮಾನಿನಲ್ಲಿ ಚಲಿಸುವಂತೆ ಜೋಡಿಸಿದ್ದರೆ, ಚಕ್ರ ಗುಂಡಿಗೆ ಇಳಿದಾಗಲೆಲ್ಲ ಚಾಲಕ ತಿರುಗಿಸದೆಯೂ ಕಾರು ಪಕ್ಕಕ್ಕೆ ಎಳೆಯುತ್ತದೆ. ಕಟ್ಟಿದವನ ಕೈಗುರುತನ್ನು ಉಳಿಸಬೇಕೆಂಬ ತತ್ತ್ವ ಎಷ್ಟೇ ದೊಡ್ಡದಾಗಿದ್ದರೂ ಇಂಥ ದೋಷಗಳಿಗೆ ಅದು ರಕ್ಷೆಯಾಗಬಾರದು. ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಜೋಪಾನವಾಗಿಟ್ಟು, ಓಡುವ ಕಾರಿಗೆ ಸುರಕ್ಷಿತ ಭಾಗವನ್ನೇ ಹಾಕಬೇಕು. ರಸ್ತೆಯಲ್ಲಿ ಬೇರೆಯವರ ಜೀವವೂ ಇರುತ್ತದೆ.

ಕಾನೂನಿನ ಪ್ರಶ್ನೆಯನ್ನು ಕೊನೆಗೆ ಬಿಡುವುದು ಹಲವರು ಮಾಡುವ ತಪ್ಪು. ವಾಹನದ ನೋಂದಣಿ ಪತ್ರದಲ್ಲಿನ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಬಾಡಿಯ ಬಗೆ ಇವು ಕಣ್ಣೆದುರಿನ ಕಾರಿಗೆ ತಾಳೆಯಾಗುತ್ತವೆಯೇ ಎಂಬುದು ಮೊದಲ ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವ್ಯತ್ಯಾಸವಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಲುವನ್ನು ಸ್ಪಷ್ಟಪಡಿಸಿತು. ಕಟ್ಟಿದ ಕಾಲದಲ್ಲೇ ಬಾಡಿ ಬದಲಾವಣೆಯನ್ನು ನೋಂದಣಿ ಪುಸ್ತಕದಲ್ಲಿ ನಮೂದು ಮಾಡಿಸಿದ್ದರೆ ಆ ಪುಟ ಇಡೀ ಕಾರಿಗಿಂತ ಅಮೂಲ್ಯವಾದೀತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮಗಳು ಮೊದಲ ನೋಂದಣಿಯಿಂದ 50 ವರ್ಷ ಮೀರಿದ ವಾಹನಗಳಿಗೆ 20,000 ರೂಪಾಯಿ ಶುಲ್ಕದ ಮೇಲೆ ವಿಎ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ಕೊಡಲು ಅವಕಾಶ ಮಾಡಿವೆಯಾದರೂ, ಚಾಸಿ, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಬದಲಾಗದೆ ಮೂಲರೂಪದಲ್ಲಿರಬೇಕೆಂಬ ಷರತ್ತು ಅವುಗಳಲ್ಲಿದೆ. ಮನೆಯಲ್ಲಿ ಕಟ್ಟಿದ ಕಾರು ಈ ವ್ಯಾಖ್ಯೆಗೆ ಹೊಂದುವುದು ಕಷ್ಟ. ಆದ್ದರಿಂದ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಸಂಬಂಧಪಟ್ಟ ಸಾರಿಗೆ ಕಚೇರಿಯಲ್ಲಿ, ವಿಜಯಪುರದವರಿಗಾದರೆ ಕೆಎ 43 ಸಂಕೇತದ ದೇವನಹಳ್ಳಿ ಕಚೇರಿಯಲ್ಲಿ, ದಾಖಲೆಗಳ ಸ್ಥಿತಿ ವಿಚಾರಿಸಿಕೊಳ್ಳಬೇಕು. ರಸ್ತೆಗೆ ಇಳಿಸಲು ಅವಕಾಶವಿಲ್ಲವೆಂದು ತಿಳಿದರೆ ಪ್ರದರ್ಶನಕ್ಕಾಗಿ ಉಳಿಸುವ ಯೋಜನೆಯನ್ನೇ ರೂಪಿಸಬೇಕು.

ಇಷ್ಟು ಪರೀಕ್ಷೆಗಳ ನಂತರ ಬರುವ ಪ್ರಶ್ನೆ ಕಾರನ್ನು ಏನು ಮಾಡಬೇಕು ಎಂಬುದು. 1966ರಲ್ಲಿ ಸ್ಥಾಪನೆಯಾದ, ಫಿವಾ ಎಂದು ಹೆಸರಾದ ಅಂತರರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟ ಅಂಗೀಕರಿಸಿರುವ ಟ್ಯೂರಿನ್ ಸನ್ನದು ಇದಕ್ಕೆ ದಾರಿ ತೋರುತ್ತದೆ. ಸ್ಮಾರಕ ಕಟ್ಟಡಗಳಿಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ಮಾದರಿಯನ್ನು ಅನುಸರಿಸಿದ ಈ ದಾಖಲೆ, ಇರುವುದನ್ನು ಹಾಳಾಗದಂತೆ ಕಾಯುವುದು, ದುರ್ಬಲವಾದದ್ದನ್ನು ಬಲಪಡಿಸುವುದು, ಇಲ್ಲವಾದದ್ದನ್ನು ಮತ್ತೆ ತುಂಬುವುದು ಇವುಗಳ ನಡುವೆ ಭೇದ ಕಲ್ಪಿಸಿ, ಸಾಧ್ಯವಾದಷ್ಟು ಕಡಿಮೆ ಕೈಹಾಕಬೇಕೆಂಬ ನಿಲುವಿಗೆ ಒಲಿಯುತ್ತದೆ. ಕಾರ್ಖಾನೆಯ ಕಾರಿನಲ್ಲಿ ಹೊಸ ಬಾಗಿಲು ಹಾಕಿದರೆ ಅದೇ ಮಾದರಿಯ ಮೂಲ ಬಾಗಿಲುಗಳು ಬೇರೆ ಕಾರುಗಳಲ್ಲಿ ಉಳಿದಿರುತ್ತವೆ. ಕೈಯಿಂದ ಕಟ್ಟಿದ ಕಾರಿನ ಬಾಗಿಲು ಹೋದರೆ ಆ ಬಗೆಯ ಬಾಗಿಲು ಲೋಕದಿಂದಲೇ ಹೋದಂತೆ. ಹೀಗಾಗಿ ಎರಡು ಕಡೆಯ ಬಾಗಿಲು ಅಳತೆಯಲ್ಲಿ ಸ್ವಲ್ಪ ಬೇರೆಯಾಗಿರುವುದು, ದೀಪದ ಸುತ್ತಲಿನ ತಗಡಿನ ಮೇಲೆ ಸುತ್ತಿಗೆಯ ಗುರುತು ಉಳಿದಿರುವುದು, ಮುಂಭಾಗದ ಜಾಲರಿಯನ್ನು ಬೇರಾವುದೋ ವಸ್ತುವಿನಿಂದ ಮಾಡಿರುವುದು ಇವನ್ನು ತಿದ್ದಿ ನುಣುಪು ಮಾಡುವ ಆಸೆಯನ್ನು ಹತ್ತಿಕ್ಕಬೇಕು. ಆ ಅಸಮತೆಗಳೇ ಆ ಕಾರಿನ ಮೂಲಸ್ಥಿತಿ.

ಹಣದ ಲೆಕ್ಕವನ್ನೂ ಇದೇ ದೃಷ್ಟಿಯಿಂದ ಹಾಕಬೇಕು. ಇಂಥ ಕಾರಿಗೆ ಮಾರುಕಟ್ಟೆಯಲ್ಲಿ ನಿಗದಿಯಾದ ಬೆಲೆ ಇರುವುದಿಲ್ಲ. ಖರ್ಚು ಮಾಡಿದ್ದು ಮಾರಾಟದಲ್ಲಿ ವಾಪಸು ಬರುವ ಖಾತರಿಯೂ ಇಲ್ಲ. ಜೀಪಿನ ಚಾಸಿ ಮತ್ತು ಎಂಜಿನ್ ಇರುವ ಕಾರಿಗೆ ಬಿಡಿಭಾಗ ಇಂದಿಗೂ ಬಹುಮಟ್ಟಿಗೆ ದೊರೆಯುವುದರಿಂದ ಅದರ ಯಂತ್ರಭಾಗದ ಖರ್ಚನ್ನು ಅಂದಾಜು ಮಾಡಬಹುದು. ಹೆರಾಲ್ಡಿನದಾದರೆ ಹುಡುಕಾಟದ ಕಾಲವನ್ನೂ ಸೇರಿಸಬೇಕು. ಬಾಡಿಯ ಖರ್ಚು ಮಾತ್ರ ಎರಡರಲ್ಲೂ ಕೂಲಿಯ ದಿನಗಳ ಮೇಲೆ ನಿಂತಿರುತ್ತದೆ. ಚಾಸಿ ಚೌಕವಾಗಿದ್ದು, ಬಾಡಿಯ ಮುಕ್ಕಾಲು ಪಾಲು ಮೂಲವಸ್ತು ಉಳಿದಿದ್ದು, ದಾಖಲೆ ಕೈಯಲ್ಲಿದ್ದರೆ ಪುನರುಜ್ಜೀವನಕ್ಕೆ ಕೈಹಾಕುವುದು ಯುಕ್ತ. ಚಾಸಿ ಸರಿಯಿದ್ದು ದಾಖಲೆ ಇಲ್ಲದಿದ್ದರೆ ಇರುವ ಸ್ಥಿತಿಯಲ್ಲೇ ಕಾಯ್ದಿಟ್ಟು ಪ್ರದರ್ಶಿಸುವುದು ಲೇಸು. ಚಾಸಿಯೇ ಸೀಳಿ ಬಾಡಿಯೂ ಕರಗಿದ್ದರೆ, ಹೊಸ ಲೋಹದಿಂದ ಅದನ್ನು ಮತ್ತೆ ಕಟ್ಟಿ ಹಳೆಯ ಹೆಸರು ಕೊಡುವುದಕ್ಕಿಂತ ಪ್ರಾಮಾಣಿಕವಾದ ದಾರಿ ಅಳತೆಗಳನ್ನೂ ಚಿತ್ರಗಳನ್ನೂ ಕೆಲವು ಮುಖ್ಯ ಭಾಗಗಳನ್ನೂ ಉಳಿಸಿಕೊಳ್ಳುವುದು.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಅಥವಾ ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಿದವರಿಗೆ ಕರ್ನಾಟಕದಲ್ಲಿ ಈ ಬಗೆಯ ಪರಂಪರೆಯ ಮೇಲೆ ಇರುವ ಅಕ್ಕರೆ ಗೊತ್ತಿದೆ. ಆ ಅಕ್ಕರೆಯಲ್ಲಿ ಕೊಟ್ಟಿಗೆಯಲ್ಲಿ ಹುಟ್ಟಿದ ಕಾರಿಗೂ ಪಾಲು ಸಿಗಬೇಕಾದರೆ ಅದರ ಬಗ್ಗೆ ನಂಬಬಹುದಾದ ದಾಖಲೆ ಬೇಕು, ಮತ್ತು ಆ ದಾಖಲೆಯನ್ನು ಬರೆಯುವವನು ಅದನ್ನು ಮೊದಲ ಬಾರಿಗೆ ಕ್ರಮವಾಗಿ ಪರೀಕ್ಷಿಸಿದವನೇ ಆಗಿರುತ್ತಾನೆ. ಅಳತೆಗಳ ನಕ್ಷೆ, ಭಾಗಗಳ ಮೂಲ, ದೋಷಗಳ ಪಟ್ಟಿ, ಕಟ್ಟಿದವನ ಹೆಸರು ಮತ್ತು ಕಾಲ, ಮನೆಯವರ ಹೇಳಿಕೆ, ತೀರ್ಮಾನ ಮತ್ತು ಅದರ ಕಾರಣ ಇವಿಷ್ಟೂ ಒಂದು ಕಡತದಲ್ಲಿ ಸೇರಿ, ಅದರ ಒಂದು ಪ್ರತಿ ಕಾರಿನ ಜೊತೆಗೂ ಇನ್ನೊಂದು ಪ್ರತಿ ಮನೆಯವರ ಬಳಿಯೂ ಉಳಿದರೆ ಮೌಲ್ಯಮಾಪನ ತನ್ನ ಕೆಲಸ ಮಾಡಿದಂತೆ. ದುರಸ್ತಿಗೆ ಹಣ ಇಂದು ಒದಗದಿದ್ದರೂ ಮುಂದೆ ಒದಗಬಹುದು, ಇಂದು ಇಲ್ಲದ ನಿಯಮ ನಾಳೆ ಬರಬಹುದು. ಅಂದು ಕೈಹಾಕುವವನಿಗೆ ಏನನ್ನು ಉಳಿಸಬೇಕೆಂಬುದು ಈ ಕಡತದಿಂದ ತಿಳಿಯುತ್ತದೆ. ಆದ್ದರಿಂದ ಇಂಥ ಕಾರು ಇರುವ ಮನೆಯವರು ಗುಜರಿಯವನಿಗಾಗಲಿ, ಕೊಳ್ಳಲು ಬಂದ ಉತ್ಸಾಹಿಗಾಗಲಿ, ಗ್ಯಾರೇಜಿಗಾಗಲಿ ಅದನ್ನು ಒಪ್ಪಿಸುವ ಮೊದಲು ಈ ಕಡತವನ್ನು ಸಿದ್ಧಪಡಿಸಿಕೊಳ್ಳುವುದು ಕಟ್ಟಿದವನ ಶ್ರಮಕ್ಕೆ ಸಲ್ಲಿಸಬೇಕಾದ ಮೊದಲ ನ್ಯಾಯ.